ಹಲ್ಲು ಸವೆದದ್ದು ಯಾಕೆ ಅಂತ ಮೊದಲು ಕೇಳಿ

(ಹಾಸನದಲ್ಲಿ ನಿವೃತ್ತ ನೌಕರರು ಮತ್ತು ಅವರ ಮನೆಯವರ ಕೂಟವೊಂದರಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಸಭೆಯವರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಹಲ್ಲಿನ ಡಾಕ್ಟರು ಮಾತಾಡಲು ಬಂದರೆ ಹುಳುಕು ಹಲ್ಲಿನ ಬಗ್ಗೆ, ಒಸಡಿನ ಬಗ್ಗೆ ಹೇಳುತ್ತಾರೆ ಅಂತ ಅಂದುಕೊಂಡು ಬಂದಿರುತ್ತೀರಿ. ಇವತ್ತು ಅದೆರಡೂ ಬೇಡ. ಕೆಲವರಿಗೆ ಹುಳುಕೂ ಇರುವುದಿಲ್ಲ, ಒಸಡೂ ಗಟ್ಟಿಯಾಗಿರುತ್ತದೆ. ಆದರೂ ಹಲ್ಲು ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಿರುತ್ತದೆ. ತಣ್ಣೀರು ಕುಡಿದರೆ ಜುಮ್ ಅನ್ನುತ್ತದೆ. ಮುಂದಿನ ಹಲ್ಲಿನ ಅಂಚು ಸಣ್ಣ ಸಣ್ಣದಾಗಿ ಒಡೆಯುತ್ತದೆ. ಅಂಥವರ ಬಗ್ಗೆ ಮಾತಾಡೋಣ.

ಇಂಥವರು ನನ್ನ ಹತ್ತಿರ ಬಂದಾಗ ಮೊದಲ ಮಾತು ಹೆಚ್ಚುಕಡಿಮೆ ಒಂದೇ. "ವಯಸ್ಸಾಯ್ತಲ್ಲ ಡಾಕ್ಟ್ರೇ, ಸವೆಯದೆ ಇರ್ತದಾ?" ಎರಡನೇ ಮಾತೂ ಒಂದೇ. "ಸ್ವಲ್ಪ ಸಿಮೆಂಟ್ ಹಾಕಿ ಕಳಿಸಿಬಿಡಿ." ಮೊದಲನೆಯದು ಅರ್ಧ ನಿಜ. ಎರಡನೆಯದಕ್ಕೆ ನಾನು ಸುಲಭಕ್ಕೆ ಒಪ್ಪುವುದಿಲ್ಲ. ಸವೆಸಿದ್ದು ಯಾವುದು ಅಂತ ತಿಳಿಯದೆ ಸಿಮೆಂಟ್ ಹಾಕಿದರೆ, ಹಲ್ಲನ್ನು ತಿಂದದ್ದು ಸಿಮೆಂಟನ್ನೂ ತಿನ್ನುತ್ತದೆ. ಮೂರು ಸಲ ಹಾಕಿಸಿ ಮೂರು ಸಲವೂ ಬಿದ್ದುಹೋಯಿತು ಅನ್ನುವವರು ಈ ಸಭೆಯಲ್ಲೇ ಇರಬಹುದು.

ಅರ್ಧ ನಿಜ ಅಂದೆನಲ್ಲ, ಅದನ್ನು ಮೊದಲು ಮುಗಿಸುತ್ತೇನೆ. ಹಲ್ಲಿನ ಹೊರಗಿನ ಪದರ ಎನಾಮೆಲ್. ನಮ್ಮ ಮೈಯಲ್ಲಿ ಇದಕ್ಕಿಂತ ಗಟ್ಟಿ ವಸ್ತು ಇಲ್ಲ. ತೂಕದಲ್ಲಿ ನೂರಕ್ಕೆ 96 ಪಾಲು ಬರೀ ಖನಿಜ. ದವಡೆ ಹಲ್ಲಿನ ಉಬ್ಬುಗಳ ಮೇಲೆ ಸುಮಾರು 2.5 ಮಿಲಿಮೀಟರ್ ದಪ್ಪ, ಒಸಡಿನ ಹತ್ತಿರ ಬರುತ್ತಾ ಬರುತ್ತಾ ತೀರಾ ತೆಳು. ಗಟ್ಟಿ ಏನೋ ಗಟ್ಟಿ, ಆದರೆ ಅದರಲ್ಲಿ ಜೀವಕೋಶ ಇಲ್ಲ. ಮುರಿದ ಮೂಳೆ ಕೂಡುತ್ತದೆ, ಗಾಯ ಮಾಯುತ್ತದೆ, ಹೋದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಅದರ ಕೆಳಗಿರುವುದು ಡೆಂಟಿನ್. ಹಳದಿ ಬಣ್ಣ, ಮೆತ್ತಗೆ, ಒಳಗಿನ ನರದವರೆಗೆ ಹೋಗುವ ಸೂಕ್ಷ್ಮ ಕೊಳವೆಗಳಿಂದ ತುಂಬಿದ್ದು. ಎನಾಮೆಲ್ ಹೋಗಿ ಡೆಂಟಿನ್ ಬಯಲಾದ ಮೇಲೆ ಸವೆತದ ವೇಗ ಹೆಚ್ಚುತ್ತದೆ. ಜುಮ್ ಅನ್ನುವುದೂ ಆಗಲೇ.

ಅಗಿದು ತಿನ್ನುವ ಯಾರಿಗೇ ಆದರೂ ವರ್ಷಕ್ಕೆ ಒಂದಿಷ್ಟು ಮೈಕ್ರಾನ್ ಸವೆಯುತ್ತದೆ. ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್. ಅಂದರೆ ಅದು ನಿಧಾನದ ಲೆಕ್ಕ. ಬೀಸುವ ಕಲ್ಲಿನ ಹಿಟ್ಟು ತಿನ್ನುತ್ತಿದ್ದ ಕಾಲದಲ್ಲಿ ಕಲ್ಲಿನ ಪುಡಿಯೂ ಹೊಟ್ಟೆ ಸೇರುತ್ತಿತ್ತು, ಆಗ ಹಲ್ಲು ಜಾಸ್ತಿ ಸವೆಯುತ್ತಿತ್ತು. ಈಗಿನ ಊಟ ಮೆತ್ತಗಾಗಿದೆ. ನಮ್ಮ ಜಿಲ್ಲೆಯ ಮುದ್ದೆಯನ್ನಂತೂ ಅಗಿಯುವುದೇ ಇಲ್ಲ, ಸಾರಿನಲ್ಲಿ ಅದ್ದಿ ನುಂಗುವುದು! ಹಾಗಾಗಿ 70 ವರ್ಷಕ್ಕೆ ಹಲ್ಲು ಸ್ವಲ್ಪ ಚಪ್ಪಟೆಯಾಗಿದ್ದರೆ ನಾನು ಏನೂ ಹೇಳುವುದಿಲ್ಲ. 35 ವರ್ಷಕ್ಕೇ ಅರ್ಧ ಹಲ್ಲು ಹೋಗಿದ್ದರೆ ಅದು ವಯಸ್ಸಲ್ಲ. ಬೇರೆ ಏನೋ ನಡೆಯುತ್ತಿದೆ.

ಹಾಗೆ ನಡೆಯುವುದರಲ್ಲಿ ಇತ್ತೀಚೆಗೆ ನಾನು ಹೆಚ್ಚು ನೋಡುತ್ತಿರುವುದು ಹುಳಿ. ಹುಳುಕಿಗೂ ಇದಕ್ಕೂ ಸಂಬಂಧವಿಲ್ಲ. ಹುಳುಕಿನಲ್ಲಿ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಮಾಡುತ್ತವೆ. ಇಲ್ಲಿ ಆಮ್ಲವನ್ನು ನಾವೇ ನೇರವಾಗಿ ಬಾಯಿಗೆ ಹಾಕಿಕೊಳ್ಳುತ್ತೇವೆ. ಹುಳಿಯನ್ನು ಅಳೆಯುವ ಪಿಹೆಚ್ ಅಂತ ಒಂದು ಅಳತೆ ಇದೆ. 7 ಅಂದರೆ ಶುದ್ಧ ನೀರು. ಸಂಖ್ಯೆ ಕೆಳಗೆ ಹೋದಷ್ಟೂ ಹುಳಿ ಜಾಸ್ತಿ, ಒಂದೊಂದು ಅಂಕಿಗೂ ಹತ್ತು ಪಟ್ಟು. ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗಲು ಶುರುವಾಗುತ್ತದೆ. ನಿಂಬೆರಸ 2ರಿಂದ 2.5ರ ಆಸುಪಾಸು. ಕೋಲಾ ಕೂಡ ಹೆಚ್ಚುಕಡಿಮೆ ಅಲ್ಲೇ.

ಬೇಲೂರಿನ ಕಡೆಯಿಂದ ಒಬ್ಬರು ಟೀಚರ್ ಬಂದಿದ್ದರು. ನಲವತ್ತರ ಆಸುಪಾಸಿನವರು. ಹಲ್ಲು ನೋಡಿದರೆ ತುಂಬಾ ಚೊಕ್ಕ, ಒಂದು ಕಲೆಯೂ ಇಲ್ಲ. ಅದೇ ನನಗೆ ಅನುಮಾನ ತಂದದ್ದು. ಅಷ್ಟು ಚೊಕ್ಕ ಅಂದರೆ ಕಲೆ ಕೂರುವ ಮೇಲ್ಪದರವೇ ನಿಲ್ಲುತ್ತಿಲ್ಲ ಅಂತ. ಕೆಳದವಡೆಯ ಒಂದು ಹಲ್ಲಿಗೆ ಯಾವತ್ತೋ ಬೆಳ್ಳಿ ತುಂಬಿಸಿದ್ದರು. ಆ ಬೆಳ್ಳಿ ಸುತ್ತಲ ಹಲ್ಲಿಗಿಂತ ಮೇಲೆ ಎದ್ದು ನಿಂತಿತ್ತು. ಬೆಳ್ಳಿ ಬೆಳೆದಿರಲಿಲ್ಲ, ಸುತ್ತಲ ಹಲ್ಲು ಕರಗಿ ಕೆಳಗೆ ಹೋಗಿತ್ತು. ಪಕ್ಕದ ಹಲ್ಲಿನ ಉಬ್ಬುಗಳ ತುದಿಯಲ್ಲಿ ಸಣ್ಣ ಗುಳಿಗಳು, ಗುಳಿಯ ತಳದಲ್ಲಿ ಹಳದಿ ಡೆಂಟಿನ್. ಊಟ ತಿಂಡಿ ಎಲ್ಲ ಕೇಳಿದೆ. ಎಲ್ಲವೂ ಸರಿ. ಕೊನೆಗೆ "ಬಸ್ಸಲ್ಲಿ ಏನಾದ್ರೂ ಕುಡೀತೀರಾ ಮೇಡಂ?" ಅಂದೆ. ತೂಕ ಇಳಿಸಲು ಯಾರೋ ಹೇಳಿದ್ದರಂತೆ. ಒಂದು ಬಾಟಲಿ ನೀರಿಗೆ ಒಂದೂವರೆ ನಿಂಬೆಹಣ್ಣು ಹಿಂಡಿ, ಜೀರಿಗೆ ಹಾಕಿ, ಮನೆ ಬಿಟ್ಟಾಗಿನಿಂದ ಶಾಲೆ ಮುಟ್ಟುವವರೆಗೆ ಗುಟುಕು ಗುಟುಕಾಗಿ ಕುಡಿಯುತ್ತಿದ್ದರು. ಎರಡು ವರ್ಷದಿಂದ.

ಆ ಗುಟುಕೇ ತೊಂದರೆ. ಒಂದೇ ಸಲ ಗಟಗಟ ಕುಡಿದು ಮುಗಿಸಿದರೆ ಸ್ವಲ್ಪ ಹೊತ್ತಿನಲ್ಲಿ ಎಂಜಲು ಬಂದು ಹುಳಿಯನ್ನು ತೊಳೆಯುತ್ತದೆ, ಕ್ಯಾಲ್ಸಿಯಂ ತಂದು ಹಲ್ಲಿಗೆ ಮರಳಿ ಕೊಡುತ್ತದೆ. ಹತ್ತು ನಿಮಿಷಕ್ಕೊಂದು ಗುಟುಕು ಹಾಕಿದರೆ ಎಂಜಲಿಗೆ ಬಿಡುವೇ ಇಲ್ಲ. ಇದಕ್ಕೆ ಇನ್ನೊಂದು ಸೇರುತ್ತದೆ. ಎದ್ದ ತಕ್ಷಣ ನಿಂಬೆ ನೀರು ಕುಡಿದು ಆಮೇಲೆ ಹಲ್ಲುಜ್ಜುವವರು ತುಂಬಾ ಜನ. ಹುಳಿಗೆ ಮೆತ್ತಗಾದ ಮೇಲ್ಪದರವನ್ನು ಬ್ರಷ್ ಸುಲಭವಾಗಿ ಒರೆಸಿಕೊಂಡು ಹೋಗುತ್ತದೆ. ಕುಡಿಯಲೇಬೇಕು ಅಂದರೆ ಹಲ್ಲುಜ್ಜಿದ ಮೇಲೆ ಕುಡಿಯಿರಿ, ಬೇಗ ಮುಗಿಸಿ, ಸಾದಾ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಅರ್ಧ ಗಂಟೆ ಬಿಟ್ಟು ಬ್ರಷ್ ಮಾಡಿದರೆ ಎಲ್ಲ ಮೊದಲಿನ ಹಾಗೇ ಗಟ್ಟಿಯಾಗಿರುತ್ತದೆ ಅಂತ ಮಾತ್ರ ನಂಬಬೇಡಿ. ಎಂಜಲಿನ ಕೆಲಸ ಅಷ್ಟು ಬೇಗ ಮುಗಿಯುವುದಿಲ್ಲ.

ಹುಣಸೆ ಸಾರು ಬಿಡಬೇಕಾ ಅಂತ ಕೇಳಬೇಡಿ. ಬೇಡ. ಸಾರು ಅನ್ನದ ಜೊತೆ ಹೋಗುತ್ತದೆ, ಊಟದ ಹೊತ್ತಿನಲ್ಲಿ ಎಂಜಲೂ ಧಾರಾಳ. ಹುಣಸೆ ಹಣ್ಣನ್ನು ದವಡೆಯಲ್ಲಿಟ್ಟುಕೊಂಡು ಚೀಪುವುದು, ಉಪ್ಪು ಖಾರ ಹಚ್ಚಿದ ಮಾವಿನಕಾಯಿಯನ್ನು ಮಧ್ಯಾಹ್ನವೆಲ್ಲ ಕಚ್ಚುವುದು, ಸೀಸನ್ ಬಂದರೆ ತೋಟದ ಕಿತ್ತಳೆಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವುದು, ಇವು ಲೆಕ್ಕಕ್ಕೆ ಬರುತ್ತವೆ. ಮೊಸರು ಕೂಡ ಹುಳಿಯೇ, ಅದರ ಪಿಹೆಚ್ 4ರ ಸುತ್ತಮುತ್ತ. ಆದರೆ ಅದರಲ್ಲಿ ಕ್ಯಾಲ್ಸಿಯಂ ಎಷ್ಟು ಇದೆ ಅಂದರೆ ಹಲ್ಲಿನಿಂದ ಕದಿಯುವ ಅಗತ್ಯವೇ ಬೀಳುವುದಿಲ್ಲ. ಕಾಫಿಯನ್ನೂ ಬಿಟ್ಟುಬಿಡಿ ಪಾಪ. ಸಕಲೇಶಪುರ, ಚಿಕ್ಕಮಗಳೂರಿನವರು ಹಲ್ಲು ಹಾಳಾದದ್ದಕ್ಕೆಲ್ಲ ಕಾಫಿಯನ್ನೇ ಬೈಯುತ್ತಾರೆ. ಕಾಫಿಯ ಪಿಹೆಚ್ ಸುಮಾರು 5, ಆಗ ಹೇಳಿದ 5.5ಕ್ಕಿಂತ ಕೊಂಚವೇ ಕೆಳಗೆ. ಹಾಲು ಹಾಕಿದ ಫಿಲ್ಟರ್ ಕಾಫಿ ಇನ್ನೂ ಸೌಮ್ಯ. ಕಲೆ ಮಾಡುತ್ತದೆ, ನಿಜ. ಸಕ್ಕರೆ ಜಾಸ್ತಿಯಾದರೆ ಹುಳುಕೂ ಬರುತ್ತದೆ. ಸವೆತದ ಆರೋಪ ಅದರ ಮೇಲೆ ಹೊರಿಸುವುದು ನ್ಯಾಯವಲ್ಲ.

ಹುಳಿ ಕೆಳಗಿನಿಂದಲೂ ಬರುತ್ತದೆ. ಹೊಟ್ಟೆಯ ಆಮ್ಲದ ಪಿಹೆಚ್ 1ರಿಂದ 2. ನಿಂಬೆರಸಕ್ಕಿಂತಲೂ ಕಟು. "ಸ್ವಲ್ಪ ಗ್ಯಾಸ್ಟ್ರಿಕ್ ಇದೆ, ಅಷ್ಟೇ" ಅನ್ನುವವರ ಮೇಲಿನ ಮುಂಭಾಗದ ಹಲ್ಲುಗಳ ಹಿಂಬದಿಗೆ ಕನ್ನಡಿ ಹಿಡಿದು ನೋಡಬೇಕು. ಎದುರಿನಿಂದ ಎಲ್ಲ ಚೆನ್ನಾಗಿ ಕಾಣುತ್ತದೆ. ಹಿಂಬದಿಯಲ್ಲಿ, ನಾಲಿಗೆ ತಾಗುವ ಕಡೆ, ಎನಾಮೆಲ್ ಪೂರ್ತಿ ಹೋಗಿ ಹಲ್ಲು ತೆಳ್ಳಗಾಗಿರುತ್ತದೆ. ಕೆಳಗಿನ ಮುಂದಿನ ಹಲ್ಲುಗಳು ಮಾತ್ರ ಸರಿಯಾಗಿರುತ್ತವೆ, ಯಾಕೆಂದರೆ ಅವನ್ನು ನಾಲಿಗೆ ಮುಚ್ಚಿಕೊಂಡಿರುತ್ತದೆ, ನಾಲಿಗೆಯಡಿಯ ಎಂಜಲೂ ಅಲ್ಲೇ ಬೀಳುತ್ತದೆ. ಈ ಗುರುತು ಕಂಡರೆ ಹುಳಿತೇಗು, ಎದೆಯುರಿ, ಬೆಳಗ್ಗೆ ಬಾಯಿ ಹುಳಿಹುಳಿ ಅನ್ನಿಸುವುದು ಇವನ್ನೆಲ್ಲ ಕೇಳುತ್ತೇವೆ. ಚಿಕ್ಕ ವಯಸ್ಸಿನವರಾದರೆ ಇನ್ನೊಂದನ್ನೂ ಮೆಲ್ಲಗೆ, ಒಬ್ಬರೇ ಇದ್ದಾಗ ಕೇಳುತ್ತೇವೆ. ದಪ್ಪ ಆಗುತ್ತೇನೆ ಅನ್ನುವ ಭಯಕ್ಕೆ ಉಂಡದ್ದನ್ನು ಬೇಕಂತಲೇ ವಾಂತಿ ಮಾಡಿಕೊಳ್ಳುವ ಕಾಯಿಲೆ ಇದೆ. ಮನೆಯವರಿಗೆ ಗೊತ್ತೇ ಇರುವುದಿಲ್ಲ. ಬೈದರೆ ಅದು ವಾಸಿಯಾಗುವುದಿಲ್ಲ, ಮನೋವೈದ್ಯರ ಸಹಾಯ ಬೇಕು.

ಇನ್ನು ಉಜ್ಜುವುದರಿಂದ ಆಗುವ ಸವೆತ. ಬ್ರಷ್ ಒಂದರಿಂದಲೇ ಎನಾಮೆಲ್ ಸವೆಯುವುದು ಬಹಳ ಕಡಿಮೆ. ಅದರ ಮೇಲೆ ಏನು ಹಾಕಿಕೊಳ್ಳುತ್ತೀರಿ ಅನ್ನುವುದು ಮುಖ್ಯ. ಗಟ್ಟಿತನದ ಅಳತೆಯಲ್ಲಿ ಎನಾಮೆಲ್ 5 ಆದರೆ ಮರಳಿನಲ್ಲಿರುವ ಸ್ಫಟಿಕ 7. ಇಟ್ಟಿಗೆ ಪುಡಿಯಲ್ಲಿ ಅದೇ ಇರುವುದು. ಭತ್ತದ ಹೊಟ್ಟಿನ ಬೂದಿಯಲ್ಲಿ ಮುಕ್ಕಾಲಕ್ಕಿಂತ ಹೆಚ್ಚು ಪಾಲು ಸಿಲಿಕಾ, ಮರಳಿನ ಸ್ಫಟಿಕ ಆಗಿರುವುದೂ ಅದರಿಂದಲೇ. ನಮ್ಮ ಅಜ್ಜಂದಿರು ಬೂದಿಯಲ್ಲಿ ಉಜ್ಜಿ ಹಲ್ಲು ಗಟ್ಟಿ ಇಟ್ಟುಕೊಂಡಿದ್ದರು ಅಂತ ಎಲ್ಲರೂ ಹೇಳುತ್ತಾರೆ. ಹುಳುಕು ಕಡಿಮೆ ಇದ್ದದ್ದು ನಿಜ, ಸಕ್ಕರೆ ಕಡಿಮೆ ತಿನ್ನುತ್ತಿದ್ದರು. ಆ ಅಜ್ಜಂದಿರ ಹಲ್ಲಿನ ಬುಡ ಹೇಗಿತ್ತು ಅಂತ ಯಾರೂ ಹತ್ತಿರದಿಂದ ನೋಡಿರುವುದಿಲ್ಲ. ಒಸಡಿನ ಪಕ್ಕದಲ್ಲಿ ಹಲ್ಲಿಗೆ ಕೊಡಲಿ ಏಟು ಹಾಕಿದಂಥ ಕಚ್ಚು ಬೀಳುತ್ತದೆ. ಕೋರೆ ಹಲ್ಲು ಮತ್ತು ಅದರ ಹಿಂದಿನ ಸಣ್ಣ ದವಡೆ ಹಲ್ಲುಗಳಲ್ಲಿ ಇದು ಜಾಸ್ತಿ. ಬಲಗೈಯಲ್ಲಿ ಉಜ್ಜುವವರಿಗೆ ಅನೇಕ ಸಲ ಎಡಗಡೆಯೇ ಹೆಚ್ಚು ಸವೆದಿರುತ್ತದೆ, ಅಲ್ಲಿ ಕೈಯ ಬಲ ಚೆನ್ನಾಗಿ ಬೀಳುತ್ತದೆ. ಕಚ್ಚುವ ಭಾರಕ್ಕೆ ಹಲ್ಲು ಬುಡದಲ್ಲಿ ಬಾಗಿ ಈ ಕಚ್ಚು ಬೀಳುತ್ತದೆ ಅನ್ನುವ ವಾದವೂ ಇದೆ. ಅದರ ಬಗ್ಗೆ ನಮ್ಮಲ್ಲೇ ಒಮ್ಮತ ಇಲ್ಲ. ಮೊದಲು ಪುಡಿ ಬಿಡಿಸಿ, ಒರಟು ಬ್ರಷ್ ಬಿಡಿಸಿ, ಆಮೇಲೆ ವಾದ ಮಾಡೋಣ ಅನ್ನುವವನು ನಾನು.

ಇಲ್ಲಿ ಅರಸೀಕೆರೆ, ಪಕ್ಕದ ಕಡೂರಿನ ಕಡೆಯವರಿಗೆ ಒಂದು ಮಾತು. ನಿಮ್ಮ ಕಡೆ ಕೆಲವು ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅನ್ನುವುದು ನಮ್ಮ ದೇಶದ ಮಾನದಂಡ. ಮಗುವಿಗೆ ಎಂಟು ವರ್ಷ ಆಗುವವರೆಗೆ ದವಡೆಯೊಳಗೆ ಹಲ್ಲು ತಯಾರಾಗುತ್ತಿರುತ್ತದೆ. ಆ ವಯಸ್ಸಿನಲ್ಲಿ ಇಂಥ ನೀರು ಕುಡಿದರೆ ಹಲ್ಲು ಬಿಳಿ ಮಚ್ಚೆ, ಕಂದು ಪಟ್ಟಿ ಹೊತ್ತೇ ಹುಟ್ಟುತ್ತದೆ. ಜಾಸ್ತಿ ಇದ್ದರೆ ಎನಾಮೆಲ್ ಟೊಳ್ಳು, ಬೇಗ ಚೂರು ಚೂರಾಗಿ ಉದುರುತ್ತದೆ. ಅದು ಕೊಳೆಯಲ್ಲ. ಕೊಳೆ ಅಂದುಕೊಂಡು ಕೆಂಪು ಹಲ್ಲುಪುಡಿ ಹಾಕಿ ತಿಕ್ಕುವ ಹುಡುಗರನ್ನು ನೋಡಿದ್ದೇನೆ. ಮದುವೆ ವಯಸ್ಸಿನ ಹೆಣ್ಣುಮಕ್ಕಳಂತೂ ಅಳುತ್ತಾ ತಿಕ್ಕುತ್ತಾರೆ. ಮೊದಲೇ ಟೊಳ್ಳಾದ ಹಲ್ಲು, ಅದರ ಮೇಲೆ ಈ ಉಜ್ಜಾಟ. ಕಂದು ಕಲೆಯನ್ನು ಮಾಸಲು ಮಾಡಲು, ಮುಚ್ಚಲು ನಮ್ಮ ಹತ್ತಿರ ಒಳ್ಳೆಯ ದಾರಿಗಳಿವೆ. ದಯವಿಟ್ಟು ಪುಡಿ ಬಿಡಿ.

ಅಡಿಕೆಯ ಬಗ್ಗೆ ಉದ್ದಕ್ಕೆ ಹೇಳುವುದಿಲ್ಲ, ನಮ್ಮಲ್ಲಿ ಅರ್ಧ ಜನಕ್ಕೆ ಅದೇ ಅನ್ನ. ಊಟದ ಮೇಲೆ ಒಂದು ವೀಳ್ಯ ಬೇರೆ, ದಿನವಿಡೀ ಒಣ ಅಡಿಕೆ ಅಗಿಯುವುದು ಬೇರೆ. ಅಗಿಯುವ ಕಡೆಯ ದವಡೆ ಹಲ್ಲು ನೆಲಸಮ ಆಗಿರುತ್ತದೆ. ಸವೆತವಾದರೂ ಚಿಕ್ಕ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು, ಹೊಗೆಸೊಪ್ಪು ಇಲ್ಲದಿದ್ದರೂ, ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿದೆ. ಬಾಯಿ ಅಗಲಿಸಲು ಬಿಗಿಯಾಗುತ್ತಿದ್ದರೆ, ಖಾರ ಉರಿಯುತ್ತಿದ್ದರೆ ಇವತ್ತೇ ತೋರಿಸಿ.

ಇನ್ನು ಹಲ್ಲು ಕಡಿಯುವುದು. ಸಾಮಾನ್ಯವಾಗಿ ಹಲ್ಲಿಗೆ ಹಲ್ಲು ತಾಗುವುದು ಇಡೀ ದಿನ ಕೂಡಿಸಿದರೂ ಅರ್ಧ ಗಂಟೆ ಆಗುವುದಿಲ್ಲ. ಈಗ ಒಂದು ನಿಮಿಷ ನೋಡಿಕೊಳ್ಳಿ. ತುಟಿ ಮುಚ್ಚಿದೆ, ಒಳಗೆ ಹಲ್ಲುಗಳ ನಡುವೆ ಸ್ವಲ್ಪ ಜಾಗ ಇದೆ, ಅಲ್ವಾ? ಇಲ್ಲದಿದ್ದರೆ ನೀವು ಎಚ್ಚರದಲ್ಲೇ ಕಚ್ಚಿಹಿಡಿಯುವವರು. ರಾತ್ರಿ ಕಡಿಯುವವರಿಗೆ ಗೊತ್ತೇ ಆಗುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗೆ ಗೊತ್ತಾಗುತ್ತದೆ. ಇಂಥವರ ಹಲ್ಲಿನ ಗುರುತು ಬೇರೆ. ಮೇಲಿನ ಹಲ್ಲು, ಕೆಳಗಿನ ಹಲ್ಲು ಎರಡೂ ಚಪ್ಪಟೆ, ನಯ, ಅಂಚು ಚೂಪು. ದವಡೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಕಚ್ಚಿಸಿದರೆ ಬೀಸುವ ಕಲ್ಲಿನ ಎರಡು ಹೋಳಿನ ಹಾಗೆ ಒಂದಕ್ಕೊಂದು ಕೂತುಬಿಡುತ್ತವೆ. ಹುಳಿಯ ಗುಳಿಗಳು ಹೀಗೆ ಕೂರುವುದಿಲ್ಲ. ಗುಳಿಯ ತಳಕ್ಕೆ ಎದುರಿನ ಹಲ್ಲು ಮುಟ್ಟುವುದೇ ಇಲ್ಲ.

ಚನ್ನರಾಯಪಟ್ಟಣದ ಕಡೆಯ ಒಬ್ಬ ರೈತರು, ಅರವತ್ತರ ಹತ್ತಿರದವರು, ದವಡೆಯ ಸಿಮೆಂಟ್ ನಿಲ್ಲುತ್ತಿಲ್ಲ ಅಂತ ಬಂದರು. ಕೂತದ್ದು ಅವರು, ಉತ್ತರ ಕೊಟ್ಟದ್ದು ಅವರ ಹೆಂಡತಿ. "ರಾತ್ರಿ ಎಲ್ಲಾ ಕಟಕಟ ಅಂತಾರೆ ಸಾರ್. ಗೊರಕೆ ಬೇರೆ. ಗೊರಕೆ ನಿಂತೋದ್ರೆ ನಂಗೆ ಭಯ, ಉಸ್ರೇ ಇರಲ್ಲ." ನಾನು ಹಲ್ಲು ಬಿಟ್ಟು ಮೊದಲು ನಿದ್ದೆಯ ಪರೀಕ್ಷೆಗೆ ಕಳಿಸಿದೆ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಗೂ ಹಲ್ಲು ಕಡಿಯುವುದಕ್ಕೂ ಅನೇಕ ಸಲ ನಂಟು ಇರುತ್ತದೆ. ಮಾನಸಿಕ ಒತ್ತಡ, ಸಿಗರೇಟು, ಹೆಂಡ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಇವೂ ಕಾರಣ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರಿಗೆ ಹೇಳಿ.

ಹೀಗೆ ಒಂದೊಂದಾಗಿ ಹೇಳಿದೆ, ಆದರೆ ನಿಜವಾದ ಬಾಯಿಯಲ್ಲಿ ಇವು ಒಂದೊಂದೇ ಬರುವುದಿಲ್ಲ. ಹುಳಿ ಮೆತ್ತಗೆ ಮಾಡುತ್ತದೆ, ಕಡಿತ ಅರೆಯುತ್ತದೆ, ಪುಡಿ ಒರೆಸುತ್ತದೆ. ಶುಗರ್ ಇದ್ದು, ಬಿಪಿ ಮಾತ್ರೆಯಿಂದ ಬಾಯಿ ಒಣಗಿದ್ದರೆ ಕಾಪಾಡುವ ಎಂಜಲೂ ಕೈಕೊಡುತ್ತದೆ. ಅದಕ್ಕೇ ಮೊದಲ ದಿನ ನಾನು ಡ್ರಿಲ್ ಮುಟ್ಟುವುದಿಲ್ಲ, ಕೇಳುತ್ತೇನೆ. ಮೂರು ನಾಲ್ಕು ದಿನ ತಿಂದದ್ದು, ಕುಡಿದದ್ದು ಎಲ್ಲವನ್ನೂ ಹೊತ್ತು ಹಾಕಿ ಬರೆದು ತನ್ನಿ ಅನ್ನುತ್ತೇನೆ. ಅದರಲ್ಲಿ ಒಂದು ಭಾನುವಾರ ಇರಬೇಕು. ವಾರದ ದಿನ ಎಲ್ಲರೂ ಶಿಸ್ತಿನವರೇ.

ಅಳೆಯುವುದಕ್ಕೆ ನಮಗೊಂದು ಸರಳ ಪದ್ಧತಿ ಇದೆ, 2008ರಲ್ಲಿ ಬಂದದ್ದು. ಬಾಯನ್ನು ಆರು ಭಾಗ ಮಾಡಿಕೊಳ್ಳುತ್ತೇವೆ. ಪ್ರತಿ ಭಾಗದಲ್ಲಿ ಅತಿ ಹೆಚ್ಚು ಸವೆದ ಹಲ್ಲಿಗೆ ಅಂಕ ಕೊಡುತ್ತೇವೆ. ಸವೆತ ಇಲ್ಲದಿದ್ದರೆ 0, ಮೇಲ್ಮೈಯ ಹೊಳಪು, ಅದರ ಸಹಜ ಸಣ್ಣ ಗೆರೆಗಳು ಮಾಸಿದ್ದರೆ 1, ಗುಳಿ ಸ್ಪಷ್ಟವಾಗಿದ್ದು ಮೇಲ್ಮೈಯ ಅರ್ಧಕ್ಕಿಂತ ಕಡಿಮೆ ಇದ್ದರೆ 2, ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಹೋಗಿದ್ದರೆ 3. ಒಟ್ಟು ಹೆಚ್ಚೆಂದರೆ 18. ಇಲ್ಲಿ ಅಂಕ ಜಾಸ್ತಿ ಬಂದವರು ಫೇಲು. ಆದರೆ ಅಂಕ ಹೇಳುವುದು ಎಷ್ಟು ಹೋಗಿದೆ ಅಂತ ಮಾತ್ರ. ಈಗಲೂ ಹೋಗುತ್ತಿದೆಯಾ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಫೋಟೋ, ಹಲ್ಲಿನ ಅಚ್ಚು ಅಥವಾ ಸ್ಕ್ಯಾನ್ ತೆಗೆದಿಟ್ಟು ಆರು ತಿಂಗಳು, ವರ್ಷ ಬಿಟ್ಟು ಹೋಲಿಸುತ್ತೇವೆ. ಸವೆದ ಜಾಗದಲ್ಲಿ ಕಾಫಿ ಕಲೆ ಕೂತಿದ್ದರೆ ನನಗೆ ಖುಷಿ. ಸವೆತ ನಿಂತು ಬಹಳ ದಿನವಾಗಿದೆ ಅಂತ ಅರ್ಥ. ಕಾರಣ ನಿಂತು, ನೋವಿಲ್ಲದೆ, ನೋಟಕ್ಕೂ ತೊಂದರೆ ಇಲ್ಲದಿದ್ದರೆ ಸುಮ್ನೆ ನೋಡಿಕೊಂಡು ಹೋಗುವುದೂ ಚಿಕಿತ್ಸೆಯೇ. ದುಡ್ಡು ತಗೊಳ್ಳದೆ ಸುಮ್ಮನಿರುವ ಡಾಕ್ಟರನ್ನು ಜನ ನಂಬುವುದಿಲ್ಲ, ಆದರೂ ಹೇಳುತ್ತಿದ್ದೇನೆ.

ಕಟ್ಟಲೇಬೇಕು ಅಂದಾಗ ಏನು ಮಾಡುತ್ತೇವೆ? ಇಲ್ಲೊಂದು ವಿಚಿತ್ರ ತೊಡಕಿದೆ. ಹಲ್ಲು ಎರಡು ಮಿಲಿಮೀಟರ್ ಸವೆದರೆ ಮೇಲಿನ ಹಲ್ಲಿಗೂ ಕೆಳಗಿನದಕ್ಕೂ ನಡುವೆ ಅಷ್ಟು ಜಾಗ ಬಿಡಬೇಕಲ್ಲ? ಬಿಡುವುದಿಲ್ಲ. ನಿಧಾನವಾಗಿ ಸವೆಯುವಾಗ ಹಲ್ಲು ತನ್ನ ಮೂಳೆ, ಒಸಡಿನ ಸಮೇತ ಎದುರಿನದರ ಕಡೆಗೆ ಜರುಗುತ್ತಾ ಬರುತ್ತದೆ. ಹಲ್ಲು ಗಿಡ್ಡ, ಆದರೂ ಕಚ್ಚಿದರೆ ತಾಗುತ್ತದೆ. ಹೊಸದಾಗಿ ಏನಾದರೂ ಸೇರಿಸಲು ಜಾಗವೇ ಇಲ್ಲ. ಹಿಂದೆ ಇದಕ್ಕೆ ಉಳಿದ ಹಲ್ಲನ್ನೇ ಇನ್ನಷ್ಟು ಕೊರೆದು ಕ್ಯಾಪ್ ಹಾಕುತ್ತಿದ್ದರು. ಮುಂದಿನ ಹಲ್ಲಿಗೆ ಪೂರ್ತಿ ಕ್ಯಾಪ್ ಹಾಕಬೇಕಾದರೆ ಒಸಡಿನ ಮೇಲೆ ಕಾಣುವ ಹಲ್ಲಿನಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಕೊರೆದು ಹಾಕಬೇಕಾಗುತ್ತದೆ. ಸವೆದು ಸೊರಗಿದ ಹಲ್ಲಿಗೆ ಇದು ದೊಡ್ಡ ಏಟು. ಆಮೇಲೆ ರೂಟ್ ಕೆನಾಲ್, ಆಮೇಲೆ ಮುರಿತ.

1975ರಲ್ಲಿ ನಾರ್ವೆಯ ಬ್ಯೋರ್ನ್ ದಾಲ್ ಮತ್ತು ಜೊತೆಯವರು ಬೇರೆ ದಾರಿ ತೋರಿಸಿದರು. 18 ವರ್ಷದ ಹುಡುಗನೊಬ್ಬನ ಮುಂದಿನ ಹಲ್ಲುಗಳಿಗೆ ಮಾತ್ರ ಲೋಹದ ಒಂದು ತಟ್ಟೆ ತೊಡಿಸಿದರು. ಕಚ್ಚಿದರೆ ಮುಂದಿನ ಹಲ್ಲು ಮಾತ್ರ ತಾಗುತ್ತಿತ್ತು, ಹಿಂದಿನವು ಒಂದಕ್ಕೊಂದು ತಾಗದೆ ದೂರ ಉಳಿದವು. ಕೆಲವು ತಿಂಗಳಲ್ಲಿ ಹಿಂದಿನ ಹಲ್ಲುಗಳು ತಾವೇ ಜರುಗಿ ಬಂದು ತಾಗಿಕೊಂಡವು, ಮುಂದಿನವು ಸ್ವಲ್ಪ ಒಳಗೆ ಹೋದವು. ತಟ್ಟೆ ತೆಗೆದಾಗ ಮುಂದೆ ಬೇಕಾದ ಜಾಗ ಸಿದ್ಧವಾಗಿತ್ತು. ಸವೆತ ತಂದ ಜರುಗಾಟವನ್ನೇ ನಮ್ಮ ಕೆಲಸಕ್ಕೆ ತಿರುಗಿಸಿದ ಜಾಣತನ ಇದು. ಈಗ ಲೋಹದ ತಟ್ಟೆ ಬೇಕಿಲ್ಲ. ಕಾಂಪೋಸಿಟ್ ಅಂತ ಹಲ್ಲಿನ ಬಣ್ಣದ, ಹಲ್ಲಿಗೆ ಅಂಟಿಸುವ ವಸ್ತು ಇದೆ. ಅದನ್ನೇ ಮುಂದಿನ ಹಲ್ಲುಗಳಿಗೆ ಎತ್ತರವಾಗಿ ಕಟ್ಟಿಬಿಡುತ್ತೇವೆ.

ಕಟ್ಟುವುದನ್ನು ಒಮ್ಮೆ ಹತ್ತಿರದಿಂದ ಹೇಳುತ್ತೇನೆ. ಮೊದಲು ಅಚ್ಚಿನ ಮೇಲೆ ಮೇಣದಲ್ಲಿ ಹಲ್ಲು ಹೇಗಿರಬೇಕೋ ಹಾಗೆ ತಿದ್ದುತ್ತಾರೆ. ಅದನ್ನು ಬಾಯಲ್ಲಿ ತಾತ್ಕಾಲಿಕವಾಗಿ ಕೂರಿಸಿ ತೋರಿಸುತ್ತೇವೆ. ಮಾತಾಡಿ, ನಗಿ, "ಪ, ಫ, ಸ" ಅನ್ನಿ. ಮನೆಯವರು ಒಪ್ಪಲಿ. ಆಮೇಲೆ ಹಲ್ಲನ್ನು ಒಣಗಿಸಿ ನೀಲಿ ಬಣ್ಣದ ಜೆಲ್ ಹಚ್ಚುತ್ತೇವೆ. ಅದು ಫಾಸ್ಫಾರಿಕ್ ಆಮ್ಲ. ಇಷ್ಟು ಹೊತ್ತು ಆಮ್ಲವನ್ನು ಬೈದು ಈಗ ನಾನೇ ಹಚ್ಚುತ್ತಿದ್ದೇನೆ, ಇರಲಿ. ಕೆಲವು ಸೆಕೆಂಡು ಬಿಟ್ಟು ತೊಳೆದು ಗಾಳಿ ಊದಿದರೆ ಎನಾಮೆಲ್ ಹೊಳಪು ಹೋಗಿ ಸುಣ್ಣದ ಬಿಳುಪಿಗೆ ತಿರುಗುತ್ತದೆ. ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳು ಎದ್ದಿರುತ್ತವೆ. ಅಂಟು ಅದರೊಳಗೆ ಇಳಿದು ನೀಲಿ ಬೆಳಕಿಗೆ ಗಟ್ಟಿಯಾಗುತ್ತದೆ. ಹೀಗೆ ಆಮ್ಲ ಹಚ್ಚಿ ಅಂಟಿಸಬಹುದು ಅನ್ನುವುದನ್ನು 1955ರಲ್ಲಿ ಅಮೆರಿಕದ ಮೈಕಲ್ ಬ್ಯೂನಕೋರ್ ತೋರಿಸಿಕೊಟ್ಟರು. ಲೋಹಕ್ಕೆ ಬಣ್ಣ ಹಿಡಿಯಲಿ ಅಂತ ಕಾರ್ಖಾನೆಗಳಲ್ಲಿ ಆಮ್ಲ ಬಳಸುತ್ತಿದ್ದದ್ದು ಅವರಿಗೆ ಹೊಳೆಸಿದ ಉಪಾಯ. ಸವೆದ ಹಲ್ಲಿನ ಸುತ್ತ ಉಂಗುರದಷ್ಟಾದರೂ ಎನಾಮೆಲ್ ಉಳಿದಿದ್ದರೆ ನಮ್ಮ ಅಂಟಿಗೆ ಅದೇ ಆಧಾರ. ಅದಕ್ಕೇ ಪೂರ್ತಿ ಹೋಗುವ ಮುಂಚೆ ಬನ್ನಿ ಅನ್ನುವುದು.

ಹೀಗೆ ಕಟ್ಟಿಸಿಕೊಂಡ ಒಬ್ಬ ಹುಡುಗ ಮಾರನೇ ದಿನವೇ ಫೋನ್ ಮಾಡಿದ. "ಸಾರ್, ದೋಸೆ ತಿನ್ನೋಕೆ ಆಗ್ತಿಲ್ಲ, ಹಿಂದಿನ ಹಲ್ಲು ತಾಗ್ತಾನೇ ಇಲ್ಲ!" ಮೊದಲೇ ಹೇಳಿದ್ದೆ, ಆದರೂ ತಿನ್ನುವಾಗಲೇ ಗೊತ್ತಾಗುವುದು. ಕೆಲವು ವಾರ ತೊದಲು, ನಾಲಿಗೆ ಕಚ್ಚಿಕೊಳ್ಳುವುದು, ಸೊಪ್ಪು ಸರಿಯಾಗಿ ಅರೆಯದಿರುವುದು ಎಲ್ಲ ಇರುತ್ತದೆ. ಆಮೇಲೆ ಒಂದೊಂದೇ ಹಲ್ಲು ತಾಗುತ್ತಾ ಬರುತ್ತದೆ. ಬಣ್ಣದ ತೆಳು ಕಾಗದ ಕಚ್ಚಿಸಿ ನೋಡುತ್ತೇವೆ, ಗುರುತು ಬಿತ್ತೆಂದರೆ ಬಂತು ಅಂತ. ಸಾಮಾನ್ಯವಾಗಿ ಆರು ತಿಂಗಳ ಆಚೀಚೆ, ಕೆಲವರಿಗೆ ವರ್ಷದ ಮೇಲೂ ಬೇಕು. ಕಾಂಪೋಸಿಟ್ ಅಂಚು ಅಲ್ಲಲ್ಲಿ ಮುರಿಯುತ್ತದೆ, ಕಲೆ ಹಿಡಿಯುತ್ತದೆ. ಮುರಿದರೆ ಅಲ್ಲೇ ಸೇರಿಸಿ ತಿದ್ದಬಹುದು, ಅದರಡಿಯ ಹಲ್ಲು ಹಾಗೇ ಇರುತ್ತದೆ. ಕೊರೆದ ಹಲ್ಲು ಮುರಿದರೆ ಆ ಅನುಕೂಲ ಇಲ್ಲ.

ಎಲ್ಲ ಹಲ್ಲೂ ಸವೆದಿದ್ದರೆ ಪೂರ್ತಿ ಬಾಯಿಯ ಎತ್ತರವನ್ನೇ ಏರಿಸಿ ಕಟ್ಟಬೇಕು. ಅಲ್ಲಿ ದವಡೆ ಹಲ್ಲಿಗೆ ಲ್ಯಾಬಿನಲ್ಲಿ ಮಾಡಿದ ತುಂಡುಗಳು, ಕೆಲವಕ್ಕೆ ಕ್ಯಾಪ್, ಎಲ್ಲ ಬರುತ್ತವೆ. ಕ್ಯಾಪ್ ಕೆಟ್ಟದ್ದು ಅಂತಲ್ಲ, ಮೊದಲ ಹೆಜ್ಜೆಗೆ ಬೇಡ. ರಾತ್ರಿ ಕಡಿಯುವವರಿಗೆ ಕೆಲಸ ಮುಗಿದ ಮೇಲೆ ಮಲಗುವಾಗ ಹಲ್ಲಿನ ಮೇಲೆ ತೊಡಲು ಅಳತೆಗೆ ಮಾಡಿದ ಗಟ್ಟಿ ಅಕ್ರಿಲಿಕ್ ಗಾರ್ಡ್ ಕೊಡುತ್ತೇವೆ. ಅದು ಕಡಿಯುವುದನ್ನು ನಿಲ್ಲಿಸುವುದಿಲ್ಲ, ಹಲ್ಲಿನ ಬದಲು ತಾನು ಸವೆಯುತ್ತದೆ. ಉಸಿರು ಕಟ್ಟುವ ತೊಂದರೆ ಇದ್ದರೆ ಕೆಲವು ಗಾರ್ಡುಗಳು ಅದನ್ನು ಹೆಚ್ಚು ಮಾಡಬಹುದು. ಆ ರೈತರನ್ನು ಮೊದಲು ನಿದ್ದೆಯ ಪರೀಕ್ಷೆಗೆ ಕಳಿಸಿದ್ದು ಅದಕ್ಕೇ.

ಇನ್ನು ನಿಮ್ಮ ಪ್ರಶ್ನೆಗಳು.

"ಮೊಮ್ಮಗ ನಿದ್ದೆಯಲ್ಲಿ ಹಲ್ಲು ಕಡಿತಾನೆ. ಹೊಟ್ಟೇಲಿ ಹುಳ ಅಂತಾರೆ, ಮಾತ್ರೆ ಕೊಡ್ಲಾ?" ಅಂತ ಒಬ್ಬರು ಅಜ್ಜಿ ಕೇಳಿದರು.

ಅಮ್ಮಾ, ಹುಳದ ಮಾತ್ರೆ ಶಾಲೆಯಲ್ಲಿ ಕೊಟ್ಟಾಗ ನುಂಗಲಿ, ಅದು ಬೇರೆ ಕಾರಣಕ್ಕೆ ಒಳ್ಳೆಯದು. ಹುಳಕ್ಕೂ ಹಲ್ಲು ಕಡಿಯುವುದಕ್ಕೂ ನಂಟು ಗಟ್ಟಿಯಾಗಿ ಸಾಬೀತಾಗಿಲ್ಲ. ಮಕ್ಕಳಲ್ಲಿ ಇದು ತುಂಬಾ ಸಾಮಾನ್ಯ, ಬೆಳೆಯುತ್ತಾ ಕಡಿಮೆಯಾಗುತ್ತದೆ. ಬಾಯಿ ತೆರೆದು ಮಲಗುತ್ತಾನಾ, ಗೊರಕೆ ಇದೆಯಾ ನೋಡಿ. ಇದ್ದರೆ ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ.

ಪೇಸ್ಟ್ ಯಾವುದು ಅಂತ ಇನ್ನೊಬ್ಬರು. ಫ್ಲೋರೈಡ್ ಇರುವ, ಕೈಯಲ್ಲಿ ತಿಕ್ಕಿದರೆ ತರಿತರಿ ಅನ್ನಿಸದ ಯಾವುದಾದರೂ ಸರಿ. ಇದ್ದಿಲಿನ ಪೇಸ್ಟ್, ಬೆಳ್ಳಗೆ ಮಾಡುತ್ತೇವೆ ಅನ್ನುವ ಪುಡಿ ಸವೆದ ಹಲ್ಲಿಗೆ ಬೇಡ. ಜುಮ್ ಅನ್ನುವುದಕ್ಕೆ ಬರುವ ಪೇಸ್ಟನ್ನು ನಾಲ್ಕು ದಿನ ಬಳಸಿ ಬಿಟ್ಟರೆ ಏನೂ ಆಗುವುದಿಲ್ಲ. ಕೆಲವು ವಾರ ಎರಡು ಹೊತ್ತೂ ಬಳಸಿ.

"ಒಂದು ಕಡೆ ಇಪ್ಪತ್ತೆಂಟು ಹಲ್ಲಿಗೂ ಕ್ಯಾಪ್ ಹಾಕ್ಬೇಕು ಅಂದ್ರು" ಅಂದರು ಒಬ್ಬರು. ನಿಮ್ಮ ಬಾಯಿ ನೋಡದೆ ಬೇಕು, ಬೇಡ ಅಂತ ಹೇಳಲಾರೆ. ಅವರನ್ನು ಎರಡು ಪ್ರಶ್ನೆ ಕೇಳಿ. ಇದು ಯಾವುದರಿಂದ ಸವೆದಿದೆ? ಕೊರೆಯದೆ ಸೇರಿಸಿ ಕಟ್ಟಲು ಯಾಕೆ ಆಗುವುದಿಲ್ಲ? ಉತ್ತರ ಸಮಾಧಾನ ತರದಿದ್ದರೆ ಇನ್ನೊಬ್ಬರಿಗೆ ತೋರಿಸಿ. ಅಲ್ಲಿಯವರೆಗೆ ಅವಸರ ಏನಿಲ್ಲ, ಸವೆತ ನಿಧಾನದ ಕಾಯಿಲೆ.

ಕೊನೆಯದಾಗಿ, ತಾಯಿಗೆ 82 ವರ್ಷ, ಹಲ್ಲೆಲ್ಲ ಒಸಡಿನ ಮಟ್ಟಕ್ಕೆ ಬಂದಿದೆ, ನೋವಿಲ್ಲ, ಮುದ್ದೆ ಅನ್ನ ಎಲ್ಲ ತಿನ್ನುತ್ತಾರೆ, ಕೀಳಿಸಿ ಸೆಟ್ಟು ಹಾಕಿಸೋಣವೇ ಅಂತ ಕೇಳಿದಿರಿ. ಕೀಳಿಸಬೇಡಿ. ಬೇರು ಇದ್ದರೆ ದವಡೆ ಮೂಳೆ ಉಳಿಯುತ್ತದೆ. ಮುಂದೆ ಬೇಕಾದರೆ ಆ ಬೇರುಗಳ ಮೇಲೆಯೇ ಕೂರುವ ಸೆಟ್ಟು ಮಾಡಬಹುದು. ಈಗ ಮಾಡಬೇಕಾದದ್ದು ಇಷ್ಟೇ. ಚೂಪಾದ ಅಂಚುಗಳನ್ನು ನಯ ಮಾಡಿಸಿ, ಫ್ಲೋರೈಡ್ ಹಚ್ಚಿಸಿ, ವರ್ಷಕ್ಕೆರಡು ಸಲ ತೋರಿಸಿ. ಆ ಚೂಪು ಅಂಚು ತಾಗಿ ನಾಲಿಗೆ, ಕೆನ್ನೆಯ ಒಳಗೆ ಹುಣ್ಣಾದರೆ ಗಮನ ಇಡಿ. ಅಂಚು ನಯ ಮಾಡಿದ ಮೇಲೂ ಎರಡು ವಾರದಲ್ಲಿ ಮಾಯದಿದ್ದರೆ, ಅದರಲ್ಲೂ ಅವರು ಎಲೆ ಅಡಿಕೆ ಹಾಕುವವರಾದರೆ, ಮುಂದಿನ ಸಂತೆಯ ದಿನಕ್ಕೆ ಅಂತ ಕಾಯದೆ ಕರೆದುಕೊಂಡು ಬನ್ನಿ.